ಕುರುಗೋಡಿನ ಶರತ್ಕಾಲದಲ್ಲಿ ಎಲೆ ಉದುರುವುದಿಲ್ಲ

ಅಕ್ಟೋಬರ್ ಬಂತೆಂದರೆ ನಮ್ಮ ಹೊಸ ಕವಿತೆಗಳಲ್ಲಿ ಎಲೆಗಳು ಉದುರತೊಡಗುತ್ತವೆ. ಹಳದಿ ಎಲೆ, ಕೆಂಪು ಎಲೆ, ಮಂಜು ಕವಿದ ಕಾಲುವೆ, ಅದರ ದಂಡೆಯಲ್ಲೊಂದು ಸೈಕಲ್ಲು. ಬರೆದವರ ಊರು ಕೇಳಿದರೆ ಸಿರುಗುಪ್ಪ, ಕಂಪ್ಲಿ, ಕುರುಗೋಡು! ಆಮ್‌ಸ್ಟರ್‌ಡ್ಯಾಮಿನ ರೀಲ್ಸ್ ನೋಡಿ, 'ನಮಗೆಲ್ಲಿದೆ ಇಂಥ ಶರತ್ಕಾಲ? ಬಳ್ಳಾರಿಗೆ ಇರುವುದು ಬೇಸಿಗೆ, ಬಿರುಬೇಸಿಗೆ ಎರಡೇ' ಎಂದು ನಿಟ್ಟುಸಿರಿಡುವುದು ಸಾಹಿತ್ಯದ ವಿದ್ಯಾರ್ಥಿಗಳ ನಡುವೆ ಅಭಿರುಚಿ ಎನಿಸಿಕೊಂಡಿದೆ. ನನಗದು ಕಣ್ಣಿನ ಸೋಮಾರಿತನವಾಗಿ ಕಾಣುತ್ತದೆ.

ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಬೇವು, ಅರಳಿ ಬೋಳಾಗುವುದು ಶಿವರಾತ್ರಿಯ ಆಸುಪಾಸು. ಆಶ್ವೀಜ, ಕಾರ್ತೀಕ ಎಂಬ ಶರದೃತುವಿನ ಎರಡು ತಿಂಗಳಲ್ಲಿ ಎರಿ ಹೊಲದವರಿಗೆ ಮರದ ಕಡೆ ನೋಡಲು ಪುರುಸೊತ್ತೂ ಇರುವುದಿಲ್ಲ. ಹಸ್ತ, ಚಿತ್ತಿ ಮಳೆಯ ಹಸಿ ಆರುವ ಮುನ್ನ ಬಿಳಿಜೋಳ, ಕಡಲೆ ಬಿತ್ತಿ ಮುಗಿಸಬೇಕು. ಮುಂದೆ ಮಳೆ ಬರುತ್ತದೆಂಬ ಭರವಸೆಯಿಲ್ಲ. ಕರಿ ನೆಲ ಹಿಡಿದಿಟ್ಟುಕೊಂಡ ತೇವದಲ್ಲೇ ಆ ಬೆಳೆ ತೆನೆಗೆ ಬರಬೇಕು. ಪಕ್ಕದ ಹೊಲದಲ್ಲಿ ಹತ್ತಿಕಾಯಿ ಒಡೆದಿರುತ್ತದೆ. ಬಿಡಿಸುವ ಹೊತ್ತಿಗೆ ಸ್ವಾತಿ ಮಳೆ ಹೊಡೆಯಿತೋ, ಅರಳೆ ಬಣ್ಣಗೆಟ್ಟು ದರ ಬೀಳುತ್ತದೆ. ಅಂದರೆ ಒಂದೇ ಮನೆಯವರು ಒಂದು ಹೊಲಕ್ಕೆ ಮಳೆ ಬೇಡಿಕೊಳ್ಳುತ್ತ, ಇನ್ನೊಂದಕ್ಕೆ ಬೇಡವೆಂದು ಕೈಮುಗಿಯುವ ಕಾಲವಿದು. ಕವಿತೆಗೆ ವಿಷಾದ ಬೇಕಿದ್ದರೆ ಇದು ಸಾಲದೇ?

ಎಲೆಯೇ ಬೇಕೆನ್ನುವಿರಾದರೆ ಬನ್ನಿ ಎಲೆ ಇದೆ. ವಿಜಯದಶಮಿಯ ಸಂಜೆ ಹಸಿರಾಗಿಯೇ ಕಿತ್ತು, ಹಿರಿಯರ ಕೈಗಿಟ್ಟು, ಕಾಲು ಮುಟ್ಟಿ, 'ಬಂಗಾರದ್ಹಂಗ ಇರೂಣು' ಎನ್ನುತ್ತೇವೆ. ವರ್ಷವಿಡೀ ಮಾತು ಬಿಟ್ಟ ದಾಯಾದಿಗಳೂ ಅವತ್ತು ಅದನ್ನು ಕೊಟ್ಟು ತಗೊಳ್ಳುವುದುಂಟು. ಇದರ ಮೇಲೆ ಕವಿತೆ ಬರೆದರೆ ಹಳ್ಳಿಗಾಡಿನದು, ಮೇಪಲ್ ಎಲೆಯ ಮೇಲೆ ಬರೆದರೆ ಆಧುನಿಕ! ಈ ಲೆಕ್ಕ ನನಗೆ ತಿಳಿಯುವುದಿಲ್ಲ.

ಡಚ್ಚರ ಋತುವನ್ನಾದರೂ ನೆಟ್ಟಗೆ ನೋಡುತ್ತೇವೆಯೇ? ಅವರು ಅದನ್ನು 'ಹೆರ್ಫ್ಸ್ಟ್' ಎನ್ನುತ್ತಾರೆ. ಇಂಗ್ಲಿಷಿನ 'ಹಾರ್ವೆಸ್ಟ್'ನ ಒಡಹುಟ್ಟು, ಸುಗ್ಗಿಯ ಕುಲದ ಪದ. ಏಪ್ರಿಲ್‌ನಲ್ಲಿ ಜನ ಮುಗಿಬಿದ್ದು ನೋಡುವ ಟ್ಯೂಲಿಪ್‌ನ ಗಡ್ಡೆಗಳನ್ನು ಅವರು ಹೂಳುವುದು ಈ ತಿಂಗಳುಗಳಲ್ಲೇ. ಚಳಿ ಉಣ್ಣದೆ ಅವು ಹೂ ಬಿಡುವುದಿಲ್ಲ. ಅಲ್ಲಿಯೂ ಇದು ಬಿತ್ತುವ ಕಾಲ, ರೀಲ್ಸ್ ಅದನ್ನು ತೋರಿಸುವುದಿಲ್ಲ ಅಷ್ಟೇ. ಆಮ್‌ಸ್ಟೆಲ್ವೀನ್‌ನಲ್ಲಿ ನೆಲೆಸಿದ ಕನ್ನಡದವರು ಮಳೆಯಂಗಿ ಹೊಂದಿಸಿ, ಸೈಕಲ್ ದೀಪ ಸರಿಮಾಡಿ, ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಿಟ್ಟು ಉದುರುವ ಎಲೆಯ ಬಗ್ಗೆ ಬರೆದರೆ ನನ್ನ ತಕರಾರಿಲ್ಲ. ಅವರ ಅಂಗಳದಲ್ಲಿ ಎಲೆ ನಿಜಕ್ಕೂ ಉದುರುತ್ತದೆ.

1520ರ ಸುಮಾರಿಗೆ ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ ವಿಜಯನಗರದ ಮಹಾನವಮಿ ನೋಡಿ ಅಲ್ಲಿನ ಆನೆ, ಕುದುರೆ, ಕುಸ್ತಿ, ಬಾಣಬಿರುಸುಗಳನ್ನೆಲ್ಲ ಬರೆದಿಟ್ಟ. ಕುರುಗೋಡಿನಿಂದ ಹಂಪಿ ಬಹಳ ದೂರವೇನಲ್ಲ. ಪರದೇಶಿಯೊಬ್ಬನಿಗೆ ಅಷ್ಟೆಲ್ಲ ಕಂಡ ಸೀಮೆಯಲ್ಲೇ ಹುಟ್ಟಿ, ಆಶ್ವೀಜದಲ್ಲಿ ಬರೆಯಲು ಏನೂ ಇಲ್ಲವೆನ್ನುವವರು ಮೊಬೈಲನ್ನು ಚಾರ್ಜಿಗೆ ಹಾಕಿ ಒಮ್ಮೆ ಹೊಲದ ಕಡೆ ಹೋಗಿ ಬರಲಿ. ಹತ್ತಿ ಬಿಡಿಸಲು ಆಳು ಸಿಗುತ್ತಿಲ್ಲವಂತೆ.