ಹದಿಹರೆಯದ ಖಿನ್ನತೆ: ಮೊದಲು ಗುರುತಿಸಬೇಕಾದವರು ನಾವೇ



2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆಯು ಶೇ. 93.90ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲ ಸ್ಥಾನ ಗಳಿಸಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ನೂರರಲ್ಲಿ ತೊಂಬತ್ತನಾಲ್ಕು ಮಕ್ಕಳು ತೇರ್ಗಡೆಯಾಗುವ ಜಿಲ್ಲೆಯಲ್ಲಿ ಉಳಿದ ಆರು ಮಕ್ಕಳು ಯಾವ ಮುಖ ಹೊತ್ತು ಮನೆಗೆ ಮರಳುತ್ತಾರೆ? ತೇರ್ಗಡೆಯಾದರೂ ಮನೆಯವರು ಬಯಸಿದಷ್ಟು ಅಂಕ ಬಾರದವರು ರಾತ್ರಿಗಳನ್ನು ಹೇಗೆ ಕಳೆಯುತ್ತಾರೆ? ಇದು ಯಾವ ಫಲಿತಾಂಶ ಪಟ್ಟಿಯಲ್ಲಿಯೂ ಪ್ರಕಟವಾಗುವುದಿಲ್ಲ.

ಈ ಪ್ರಶ್ನೆ ನಮ್ಮನ್ನು ಕಾಡುತ್ತಿರುವುದಕ್ಕೆ ಕಾರಣವಿದೆ. ಉದ್ಯೋಗನಿಮಿತ್ತ ಘಟ್ಟದ ಮೇಲಿನಿಂದ ಬಂದು ತ್ರಾಸಿಯಲ್ಲಿ ನೆಲೆಸಿರುವ ಭಕ್ತ ಕುಟುಂಬವೊಂದರ ತಾಯಿ ಹಿಂದೊಮ್ಮೆ ನಮ್ಮ ಬಳಿ ತಮ್ಮ ಮಗನ ವಿಚಾರ ಹೇಳಿಕೊಂಡರು. ಹುಡುಗ ಊಟ ಬಿಟ್ಟಿದ್ದ, ಸಂಜೆ ಗೆಳೆಯರೊಡನೆ ಕಡಲತೀರಕ್ಕೆ ಹೋಗುವುದನ್ನು ನಿಲ್ಲಿಸಿದ್ದ, ಮಾತೆತ್ತಿದರೆ ಸಿಡುಕುತ್ತಿದ್ದ. ಯಾರದೋ ದೃಷ್ಟಿ ತಾಗಿದೆಯೇ ಎಂಬ ಶಂಕೆ ಅವರದು. ನಾವು ದೃಷ್ಟಿಯ ಮಾತನ್ನು ತಳ್ಳಿಹಾಕಿದೆವು ನಿಜ. ಆದರೆ, ‘ಇದು ವಯಸ್ಸಿನ ಗುಣ, ಪರೀಕ್ಷೆ ಮುಗಿಯಲಿ, ಸರಿಹೋಗುತ್ತಾನೆ’ ಎಂದು ಹೇಳಿ ಕಳುಹಿಸಿದೆವು. ಕೆಲವು ವಾರಗಳ ಬಳಿಕ ಆ ಹುಡುಗ ತನಗೆ ಬದುಕೇ ಬೇಡವೆನಿಸುತ್ತಿದೆಯೆಂದು ಅಜ್ಜಿಯ ಬಳಿ ಬಾಯಿಬಿಟ್ಟ. ಅಜ್ಜಿ ಗದರಲಿಲ್ಲ, ಅವನನ್ನು ಒಂಟಿಯಾಗಿ ಬಿಡಲಿಲ್ಲ; ಮರುದಿನವೇ ಮನೋವೈದ್ಯರ ಬಳಿಗೆ ಕರೆದೊಯ್ಯುವಂತೆ ಮಾಡಿದರು. ಇಂದು ಅವನು ಚೇತರಿಸಿಕೊಂಡಿದ್ದಾನೆ. ಓದು ಬಲ್ಲ ನಾವು ತಪ್ಪಿದೆವು, ಮೊಮ್ಮಗನನ್ನು ಬಲ್ಲ ಅಜ್ಜಿ ತಪ್ಪಲಿಲ್ಲ. ಆ ತಪ್ಪಿನ ಅರಿವೇ ಈ ಬರಹಕ್ಕೆ ಕಾರಣ.

ಕಣ್ಣಿಗೆ ಕಾಣುವ ದುಃಖಕ್ಕೆ ನಮ್ಮ ಜನ ಓಗೊಡುವ ಪರಿ ದೊಡ್ಡದು. 2016ರ ಜೂನ್ 21ರಂದು ತ್ರಾಸಿಯ ಮೊವಾಡಿ ಬಳಿ ಶಾಲಾ ವಾಹನಕ್ಕೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಅಸುನೀಗಿದಾಗ ಜಾತಿ-ಮತದ ಭೇದವಿಲ್ಲದೆ ಜನ ಕಣ್ಣೀರಿಟ್ಟರು. ಆದರೆ ಕೋಣೆಯ ಬಾಗಿಲು ಮುಚ್ಚಿಕೊಂಡು ಒಳಗೊಳಗೇ ಕುಸಿಯುವ ಮಗುವಿನ ನೋವು ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.

ಈ ನೋವು ಅಪರೂಪದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ. 7.3ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಕಂಡುಬಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು. ಅವರಲ್ಲಿ ಒಬ್ಬರು ನಮ್ಮ ಮನೆಯವರೇ ಆಗಿರಬಹುದು.

ಹಾಗಾದರೆ ಗುರುತಿಸುವುದು ಹೇಗೆ? ಖಿನ್ನತೆಯೆಂದರೆ ಸದಾ ಅಳುತ್ತ ಕೂರುವುದೆಂಬ ಭಾವನೆ ನಮ್ಮಲ್ಲಿದೆ. ಹದಿಹರೆಯದವರಲ್ಲಿ ಅದು ಅನೇಕ ವೇಳೆ ಸಿಟ್ಟಿನ ವೇಷದಲ್ಲಿ ಬರುತ್ತದೆ. ಮೊದಲು ಇಷ್ಟಪಡುತ್ತಿದ್ದ ಆಟ, ಹಾಡು, ಗೆಳೆತನಗಳಲ್ಲಿ ಆಸಕ್ತಿ ಬತ್ತುವುದು, ನಿದ್ದೆ ಕೆಡುವುದು ಅಥವಾ ಹೊತ್ತು ಏರಿದರೂ ಏಳಲಾಗದಿರುವುದು, ಹಸಿವಿನಲ್ಲಿ ಏರುಪೇರು, ಕಾರಣ ಸಿಗದ ತಲೆನೋವು, ಹೊಟ್ಟೆನೋವು, ಓದಿನಲ್ಲಿ ಹಠಾತ್ ಹಿನ್ನಡೆ, ‘ನನ್ನಿಂದ ಎಲ್ಲರಿಗೂ ತೊಂದರೆ’ ಎಂಬ ಮಾತು. ಇಂಥ ಬದಲಾವಣೆಗಳು ಎರಡು ವಾರ ಮೀರಿ ದಿನವೂ ಮುಂದುವರಿದರೆ ಅದು ಸೋಮಾರಿತನವಲ್ಲ, ಅಹಂಕಾರವೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಸಾವಿನ ಮಾತು ಬಂದರಂತೂ ಎರಡು ವಾರ ಕಾಯುವಂತಿಲ್ಲ, ಎರಡು ಗಂಟೆಯೂ ಕಾಯುವಂತಿಲ್ಲ. ‘ಬದುಕು ಬೇಡವೆನಿಸುತ್ತಿದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಭಾರ ಇಳಿಯುತ್ತದೆ.

ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಎಚ್ಚರಿಸಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ಶಾಲೆ, ಕಾಲೇಜು, ತರಬೇತಿ ಕೇಂದ್ರ, ವಸತಿನಿಲಯಗಳಿಗೆ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸಬಾರದು, ಎಲ್ಲರೆದುರು ಹೀಯಾಳಿಸಬಾರದು, ಸಹಾಯವಾಣಿಯ ಸಂಖ್ಯೆ ಎದ್ದುಕಾಣುವಂತಿರಬೇಕು ಎಂಬುವು ಅವುಗಳಲ್ಲಿ ಮುಖ್ಯ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಹಿಂದಿನ ವರ್ಷದ ರ‍್ಯಾಂಕುಗಳನ್ನು ವಿಚಾರಿಸುವ ನಾವು ಆಪ್ತಸಮಾಲೋಚಕರಿದ್ದಾರೆಯೇ ಎಂದು ಎಂದಾದರೂ ಕೇಳಿದ್ದೇವೆಯೇ? ಕೇಳುವವರಿಲ್ಲದ ಕಡೆ ಆದೇಶವು ಕಾಗದವಾಗಿಯೇ ಉಳಿಯುತ್ತದೆ.

ನೆರವು ದೂರವಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಸೇವೆ ಕಲ್ಪಿಸಲಾಗಿದೆ. ತ್ರಾಸಿಯ ಸುತ್ತಲಿನವರು ಕುಂದಾಪುರದ ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಳ್ಳಬಹುದು. ಮಣಿಪಾಲದಲ್ಲಿಯೂ ಉಡುಪಿಯಲ್ಲಿಯೂ ತಜ್ಞರಿದ್ದಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ; ಅನೇಕರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ಅದು ಫಲ ತೋರಲು ಕೆಲವು ವಾರ ಬೇಕು. ವೈದ್ಯರು ಹೇಳುವ ಮೊದಲೇ ನಿಲ್ಲಿಸಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನೂ ಅದರ ಗೋಪ್ಯತೆಯನ್ನೂ ಹಕ್ಕಾಗಿ ನೀಡಿದೆ. ಆದ್ದರಿಂದ ‘ನಾಲ್ಕು ಜನ ಏನೆಂದಾರು, ಮುಂದೆ ಮದುವೆಗೆ ತೊಡಕಾದೀತು’ ಎಂಬ ಅಳುಕಿಗೆ ಮಗುವಿನ ಆರೋಗ್ಯವನ್ನು ಬಲಿಕೊಡಬೇಕಿಲ್ಲ.

ಪರೀಕ್ಷೆಯ ಭಯದ ಬಗ್ಗೆ ಒಂದು ಮಾತು. ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಸರ್ಕಾರವೇ ಒಂದಕ್ಕಿಂತ ಹೆಚ್ಚು ಅವಕಾಶ ಕೊಟ್ಟಿರುವಾಗ ಹೆತ್ತವರು ಒಂದಕ್ಕೇ ಮುನಿಯುವುದು ತರವಲ್ಲ. ಫಲಿತಾಂಶ ನೋಡುವ ಮೊದಲೇ, ‘ಏನೇ ಬಂದರೂ ಊಟ ಒಟ್ಟಿಗೇ ಮಾಡೋಣ’ ಎಂದು ಮಗುವಿಗೆ ಹೇಳಿಬಿಡಿ.

ಕೊನೆಯದಾಗಿ ಶ್ರೀಮಠದ ಬಾಗಿಲಿಗೆ ಬರುವ ಹೆತ್ತವರಲ್ಲಿ ಅರಿಕೆ. ಪೂಜ್ಯರ ಆಶೀರ್ವಾದ ನಿಮಗೆ ಸದಾ ಇದೆ. ಆದರೆ ಜ್ವರ ಬಂದ ಮಗುವನ್ನು ಹೇಗೆ ವೈದ್ಯರಿಗೆ ತೋರಿಸುತ್ತೇವೆಯೋ, ಮನಸ್ಸು ಬಾಡಿದ ಮಗುವನ್ನೂ ಹಾಗೆಯೇ ತೋರಿಸಬೇಕು. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ಅಡ್ಡಿಯಲ್ಲ. ಇನ್ನು ಮುಂದೆ ನಮ್ಮ ಬಳಿ ಬರುವ ಯಾವ ತಾಯಿಗೂ ‘ಪರೀಕ್ಷೆ ಮುಗಿಯಲಿ’ ಎಂದು ನಾವು ಹೇಳುವುದಿಲ್ಲ. ನೀವೂ ಹೇಳಬೇಡಿ.