ಹಾಸ್ಟೆಲ್ ಕೋಣೆಯ ಸ್ವಾತಂತ್ರ್ಯ

ಬದುಕಿಡೀ ಒಂದೇ ನಿಲುವಿಗೆ ಅಂಟಿಕೊಂಡವರನ್ನು ಹೊಗಳುವಾಗ ನಾವು ಅವರ ಮನೋಬಲವನ್ನಷ್ಟೇ ಹೊಗಳಿ ಸುಮ್ಮನಾಗುತ್ತೇವೆ. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ವಿಷಯದಲ್ಲೂ ಹಾಗೇ ಆಗಿದೆ. ಆದರೆ ನಂಬಿಕೆ ಎಷ್ಟೇ ಗಟ್ಟಿಯಾಗಿದ್ದರೂ ತನ್ನಷ್ಟಕ್ಕೆ ತಾನೇ ಐವತ್ತು ಅರವತ್ತು ವರ್ಷ ಬಾಳುವುದಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡ ವಿದ್ಯಾರ್ಥಿಗಳೆಲ್ಲರ ಎದೆಯಲ್ಲೂ ಒಂದೇ ಕಿಚ್ಚಿತ್ತು. ಮುಂದೆ ಬಹಳ ಮಂದಿ ನೌಕರಿ, ಸಂಸಾರ ಎಂದು ತಣ್ಣಗಾದರು. ಅದನ್ನು ತಪ್ಪೆನ್ನಲಾಗದು. ಕಾವು ಉಳಿಸಿಕೊಂಡ ಕೆಲವರನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ: ಅವರು ನಂಬಿಕೆಗೆ ತಕ್ಕಂತೆ ಮೊದಲು ತಮ್ಮ ಮನೆಖರ್ಚನ್ನು ತಿದ್ದಿಕೊಂಡರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ನರಸಿಂಹಯ್ಯ, ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಜೈಲಿಗೆ ಹೋದವರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿ ಬಂದ ಮೇಲೂ ಅವರ ವಾಸ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಆ ಕೋಣೆ ಬಿಡಲಿಲ್ಲ. ಇದನ್ನು ಸರಳತೆ ಎಂದು ಕೊಂಡಾಡುತ್ತಾರೆ, ನನಗೆ ಇದು ಲೆಕ್ಕಾಚಾರವಾಗಿಯೂ ಕಾಣುತ್ತದೆ. 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ, ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದದ್ದು ಇದೇ ಕುಲಪತಿ. ಉತ್ತರ ಬರಲಿಲ್ಲ, ಗದ್ದಲ ಮಾತ್ರ ಎದ್ದಿತು. ಬಾಬಾ ಭಕ್ತರಲ್ಲಿ ಅಧಿಕಾರಸ್ಥರು ಎಷ್ಟು ಮಂದಿ ಇದ್ದರೆಂಬುದು ಗೊತ್ತಿರುವವರಿಗೆ ಆ ಪತ್ರಗಳ ತೂಕ ತಿಳಿಯುತ್ತದೆ. ಹುದ್ದೆ ಹೋದರೆ ಬಂಗಲೆ, ಕಾರು ಹೋಗುತ್ತದೆಂದು ಅಳುಕುವವರು ಅಂಥ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಹಾಸ್ಟೆಲ್ ಕೋಣೆಯವರಿಗೆ ಆ ಅಳುಕಿರಲಿಲ್ಲ.

ಅವರು ಮದುವೆಯಾಗಲಿಲ್ಲ, ಒಂಟಿ ಮನುಷ್ಯನಿಗೆ ಇದೆಲ್ಲ ಸುಲಭ ಎಂಬ ಆಕ್ಷೇಪ ಇದ್ದೇ ಇದೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬೆಂಗಳೂರಿನ ಜಯನಗರದಲ್ಲಿ ಬಾಳಿದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಸಂಸಾರಸ್ಥರು. 1918ರಲ್ಲಿ ಹಾರೋಹಳ್ಳಿಯಲ್ಲಿ ಹುಟ್ಟಿ, ಮೇಷ್ಟರಾಗಿದ್ದಾಗ 1942ರ ಚಳವಳಿಗೆ ಇಳಿದು 14 ತಿಂಗಳು ಜೈಲಿನಲ್ಲಿದ್ದರು. ಸಂಸ್ಥಾನದ ಸರ್ಕಾರ ‘ಪೌರವಾಣಿ’ ಪತ್ರಿಕೆಯ ಬಾಯಿ ಮುಚ್ಚಿಸಲು ಬಂದಾಗ ಗಡಿಯಾಚೆಯ ಹಿಂದೂಪುರದಿಂದ ಅದನ್ನು ಹೊರಡಿಸಿದರು. ತುರ್ತುಪರಿಸ್ಥಿತಿಯಲ್ಲಿ ಮತ್ತೆ ಜೈಲು. ತೊಂಬತ್ತು ದಾಟಿದ ಮೇಲೂ ಬೆಂಗಳೂರಿನ ಭೂಕಬಳಿಕೆಯ ವಿರುದ್ಧ ಧರಣಿ ಕೂತರು. ಇಂಥ ಒತ್ತಾಯಗಳ ಬಳಿಕ ಭೂಕಬಳಿಕೆ ಪ್ರಕರಣಗಳಿಗೆಂದೇ ವಿಶೇಷ ನ್ಯಾಯಾಲಯ 2016ರಲ್ಲಿ ಕೆಲಸ ಆರಂಭಿಸಿತು. 2020ರಲ್ಲಿ ಶಾಸಕರೊಬ್ಬರು ಈ 101 ವರ್ಷದ ಹಿರಿಯರನ್ನು ನಕಲಿ ಹೋರಾಟಗಾರ ಎಂದು ಜರೆದರು. ಅದಕ್ಕೂ ಅವರು ಸಭೆ, ಧರಣಿಗಳನ್ನು ನಿಲ್ಲಿಸಲಿಲ್ಲ. 2021ರ ಮೇ 26ರಂದು ಜಯದೇವ ಆಸ್ಪತ್ರೆಯಲ್ಲಿ ತೀರಿಕೊಳ್ಳುವ ತನಕ ಯಾರ ಹಂಗಿಗೂ ಬೀಳದೆ ಬದುಕಿದರು. ಗಾಂಧಿಮಾರ್ಗದ ಅವರದೂ, ಎಲ್ಲವನ್ನೂ ಪ್ರಶ್ನಿಸು ಎನ್ನುತ್ತಿದ್ದ ನರಸಿಂಹಯ್ಯನವರದೂ ಒಂದೇ ಬಗೆಯ ನಂಬಿಕೆಯಲ್ಲ. ಬೇಕುಗಳನ್ನು ಕಡಿಮೆ ಮಾಡಿಕೊಂಡದ್ದರಲ್ಲಿ ಮಾತ್ರ ಇಬ್ಬರೂ ಒಂದೇ.

ಇದಕ್ಕಿಂತ ಗಂಭೀರ ಆಕ್ಷೇಪ ಮತಾಂಧತೆಯದು. ಧರ್ಮದ ಹೆಸರಿನಲ್ಲಿ ಕತ್ತಿ ಹಿಡಿದವನಿಗೂ ಅಚಲ ನಂಬಿಕೆಯೇ ಬಲ, ಅವನಿಗೂ ಸುಖದ ಹಂಬಲ ಇಲ್ಲದಿರಬಹುದು. ಹಾಗಾದರೆ ವ್ಯತ್ಯಾಸ ಎಲ್ಲಿ? ನಂಬಿಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದರಲ್ಲಿ ಎನ್ನುವುದು ನನ್ನ ಉತ್ತರ. ನರಸಿಂಹಯ್ಯ ಕೇಳಿದ್ದು ಪರೀಕ್ಷೆಗೆ ಒಪ್ಪಿಗೆ. ಒಪ್ಪಿಗೆ ಸಿಗದಿದ್ದಾಗ ಯಾರ ಮೇಲೂ ಕೈ ಎತ್ತಲಿಲ್ಲ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಉಪನ್ಯಾಸ ಇಟ್ಟು, ಕೇಳುಗರಿಗೆ ಪ್ರಶ್ನೆ ಹಾಕುವ ಅವಕಾಶ ಕೊಟ್ಟಿತು. ಪ್ರಶ್ನೆಯೇ ತತ್ವವಾದಾಗ ತತ್ವ ಹೇಳುವವನೂ ಪ್ರಶ್ನೆಗೆ ಹೊರತಲ್ಲ. ಮತಾಂಧನ ನಂಬಿಕೆಗೆ ಇಲ್ಲದಿರುವುದು ಈ ಬಾಗಿಲು. ಅವನ ನಂಬಿಕೆಗೆ ಬೆಲೆ ತೆರುವವರೂ ಸದಾ ಬೇರೆಯವರೇ.

ಇಷ್ಟೆಲ್ಲ ಮಾಡಿ ಫಲವೇನು ಬಂತು ಎನ್ನಬಹುದು. ಬೆಂಗಳೂರಿನ ಬನಶಂಕರಿಯಲ್ಲಿ ಇಂದಿಗೂ ವಾಸ್ತು ಕೇಳದೆ ಪಾಯ ತೋಡುವವರು ಕಡಿಮೆ, ಬೆಳಗಾದರೆ ಟೀವಿಯಲ್ಲಿ ಜ್ಯೋತಿಷಿಗಳು. ಒಪ್ಪೋಣ. ಆದರೂ ನರಸಿಂಹಯ್ಯನವರ ಶ್ರಮದಿಂದ ಜಯನಗರದ ಜೊತೆಗೆ ಬಾಗೇಪಲ್ಲಿ, ಗೌರಿಬಿದನೂರುಗಳಲ್ಲೂ ನ್ಯಾಷನಲ್ ಕಾಲೇಜುಗಳು ನಿಂತಿವೆ. ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧ ಕರ್ನಾಟಕ 2017ರಲ್ಲಿ ಕಾನೂನು ಮಾಡಿದೆ. ಅದು ಒಬ್ಬರ ಸಾಧನೆಯಲ್ಲ ನಿಜ, ಆದರೆ ಅಂಥ ಮಾತನ್ನು ದಶಕಗಳ ಮುಂಚೆ ಆಡಿ ಬೈಸಿಕೊಂಡವರಿಲ್ಲದೆ ಅಂಥ ಕಾನೂನು ಬರುವುದಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಸ್ವಂತ ಮನೆ, ತಿಂಗಳ ಪಿಂಚಣಿ ಇರುವ ನಿವೃತ್ತರು ಸಾವಿರಾರು ಮಂದಿ ಇದ್ದಾರೆ. ನರಸಿಂಹಯ್ಯ ಒಂದು ಕೋಣೆಗೆ ಬದುಕನ್ನು ಒಗ್ಗಿಸಿಕೊಂಡು ಗಳಿಸಿದ ಸ್ವಾತಂತ್ರ್ಯ ಇವರ ಕೈಯಲ್ಲಿ ಆಗಲೇ ಇದೆ. ಇನ್ನು ಇವರ ವರ್ಗಾವಣೆಯನ್ನೂ ಯಾರೂ ಮಾಡಲಾರರು, ಬಡ್ತಿಯನ್ನೂ ಯಾರೂ ತಡೆಯಲಾರರು. ಬಡಾವಣೆಯ ಕೆರೆಯೋ ಉದ್ಯಾನವೋ ಒತ್ತುವರಿಯಾದಾಗ ಮೊದಲ ಅರ್ಜಿಗೆ ಇವರೇ ಸಹಿ ಹಾಕಲಿ.