ಹಾಡು ಕಟ್ಟಿದವನ ಪಾಲು

ಉತ್ತವನಿಗೆ ಬೆಳೆಯಲ್ಲಿ ಪಾಲುಂಟೆಂಬ ನ್ಯಾಯವನ್ನು ನಮ್ಮ ನಾಡಿನಲ್ಲಿ ಯಾರೂ ಅಲ್ಲಗಳೆಯರು. ಆದರೆ ಹಾಡು ಕಟ್ಟಿದವನಿಗೆ ಆ ಹಾಡಿನ ಗಳಿಕೆಯಲ್ಲಿ ಪಾಲುಂಟೆಂದರೆ ಇಂದಿಗೂ ಹುಬ್ಬೇರಿಸುವವರು ಬಹುಮಂದಿ. ತರುಣ ಕವಿಯು ಅಲ್ಪ ಸಂಭಾವನೆ ಪಡೆದು, ಓದದೆಯೇ ಕರಾರುಪತ್ರಕ್ಕೆ ರುಜು ಹಾಕಿ ಬರುತ್ತಾನೆ. ಮುಂದೆ ಆ ಹಾಡು ಹೋಟೆಲು, ರೇಡಿಯೋ, ಮೊಬೈಲುಗಳಲ್ಲೆಲ್ಲ ಮೊಳಗಿ ಹಲವರಿಗೆ ಲಾಭ ತಂದರೂ ಅವನ ಕೈ ಬರಿದಾಗಿಯೇ ಉಳಿಯುತ್ತದೆ. ಇದಕ್ಕೆ ಕಾಯದೆಯ ಕೊರತೆಗಿಂತಲೂ ಕಾಯದೆಯ ಅಜ್ಞಾನವೇ ಹೆಚ್ಚಿನ ಕಾರಣವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಈ ಹಕ್ಕಿನ ಸಂಘಟನೆಯು ಮೊದಲಾದುದು ಒಂದು ಉಪಾಹಾರಗೃಹದ ಜಗಳದಿಂದ. 1847ರಲ್ಲಿ ಪ್ಯಾರಿಸ್ ನಗರದ ಕೆಫೆಯೊಂದರಲ್ಲಿ ತಮ್ಮ ಹಾಡುಗಳು ನಡೆಯುತ್ತಿದ್ದುದನ್ನು ಕಂಡ ಬೂರ್ಜೆ ಎಂಬ ಕವಿ, ತಮ್ಮ ಕೃತಿಗೆ ಹಣ ಕೊಡದವರಿಗೆ ಪಾನೀಯದ ಹಣವನ್ನು ತಾವೂ ಕೊಡುವುದಿಲ್ಲವೆಂದರು. ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. 1851ರಲ್ಲಿ ‘ಸಾಸೆಮ್’ ಎಂಬ ಸಂಘವು ಸ್ಥಾಪಿತವಾಯಿತು. ಒಬ್ಬ ಕವಿಯು ಊರೂರು ಅಲೆದು ಲೆಕ್ಕ ಕೇಳುವುದು ಸಾಧ್ಯವಲ್ಲ. ಸಂಘವು ಎಲ್ಲರ ಪರವಾಗಿ ಪರವಾನಗಿ ಕೊಟ್ಟು, ಶುಲ್ಕ ಕೂಡಿಸಿ, ಹಕ್ಕುದಾರರಿಗೆ ಹಂಚುವುದೇ ಇದರ ಮರ್ಮ.

ನಮ್ಮ ದೇಶದಲ್ಲಿ ‘ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ’ಯು 1969ರಲ್ಲಿ ಹುಟ್ಟಿತು. ಆದರೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇರೆ ಕರಾರಿಲ್ಲದಿದ್ದಲ್ಲಿ, ಹಣ ಕೊಟ್ಟು ಬರೆಸಿದ ಚಿತ್ರಗೀತೆಗೆ ನಿರ್ಮಾಪಕನೇ ಮೊದಲ ಒಡೆಯನೆಂದು ತೀರ್ಪಿತ್ತಿತು. ಕವಿ ಜಾವೇದ್ ಅಖ್ತರ್ ಮೊದಲಾದವರ ಹೋರಾಟದ ತರುವಾಯ 2012ರಲ್ಲಿ ಕೃತಿಸ್ವಾಮ್ಯ ಕಾಯದೆಗೆ ತಿದ್ದುಪಡಿಯಾಯಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು ಮಿಕ್ಕ ಬಳಕೆಗಳಲ್ಲಿ ಕವಿಗೂ ಸ್ವರಸಂಯೋಜಕನಿಗೂ ರಾಯಲ್ಟಿಯ ಸಮಪಾಲು ಸಲ್ಲಬೇಕು. ಆ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಅನ್ಯರಿಗೆ ಬಿಟ್ಟುಕೊಡುವ ಕರಾರು ಊರ್ಜಿತವಲ್ಲ. 2017ರಲ್ಲಿ ಮೇಲ್ಕಂಡ ಸೊಸೈಟಿಯು ಈ ಕಾಯದೆಯ ಅನ್ವಯ ಕೃತಿಸ್ವಾಮ್ಯ ಸಂಘವಾಗಿ ನೋಂದಣಿ ಹೊಂದಿತು.

ಹಾಗಾದರೆ ಹೊಸ ಹಾಡುಗಾರನು ಮಾಡತಕ್ಕುದೇನು? ಮೊದಲು, ಹಾಡನ್ನು ಬರೆದು ತಾರೀಖು ಹಾಕಿ ಜೋಪಾನವಾಗಿಡಬೇಕು. ಕೃತಿ ರಚಿತವಾದಾಗಲೇ ಸ್ವಾಮ್ಯವು ಹುಟ್ಟುತ್ತದೆ, ಸರಕಾರದಲ್ಲಿ ನೋಂದಣಿ ಕಡ್ಡಾಯವಲ್ಲ. ಎರಡನೆಯದಾಗಿ, ಗುರುತು, ಪ್ಯಾನ್, ಬ್ಯಾಂಕಿನ ವಿವರಗಳೊಡನೆ ಪ್ರಕಟಿತ ಕೃತಿಯನ್ನು ತೋರಿಸಿ ಸಂಘದ ಸದಸ್ಯನಾಗಬೇಕು. ಮೂರನೆಯದಾಗಿ, ಪ್ರತಿಯೊಂದು ಹಾಡನ್ನೂ, ಅದರಲ್ಲಿ ಕವಿ, ಸಂಯೋಜಕ, ಪ್ರಕಾಶಕರ ಪಾಲು ಎಷ್ಟೆಷ್ಟೆಂಬುದನ್ನೂ ಅಲ್ಲಿ ದಾಖಲು ಮಾಡಿಸಬೇಕು. ಸದಸ್ಯನಾಗಿಯೂ ಹಾಡನ್ನು ದಾಖಲಿಸದವನು ಗದ್ದೆ ಕೊಂಡು ಬಿತ್ತದವನಿಗೆ ಸಮಾನನು. ಕರಾರಿನಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯದೆಯು ಭಾವಿಸುತ್ತದೆ. ಆದುದರಿಂದಲೇ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಮಾತುಗಳು ಕಂಡಲ್ಲಿ ಲೇಖಣಿಯನ್ನು ಕೆಳಗಿಟ್ಟು ತಿಳಿದವರನ್ನು ಕೇಳುವುದು ಲೇಸು.

ಹಕ್ಕಿನೊಡನೆ ಬಾಧ್ಯತೆಯೂ ಉಂಟು. ವರಕವಿ ಬೇಂದ್ರೆಯವರು 1981ರಲ್ಲಿ ಕಾಲವಶರಾದರು. ಕವಿಯ ಮರಣಾನಂತರ ಅರವತ್ತು ವರ್ಷವೆಂಬ ನಿಯಮದಂತೆ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಸ್ವಾಮ್ಯವು 2041ರ ಕೊನೆಯವರೆಗೆ ನಡೆಯುವುದು. ಅವುಗಳಿಗೆ ಹೊಸ ಧಾಟಿ ಕೂಡಿಸಿ ಮಾರುವವರು ಹಕ್ಕುದಾರರ ಅನುಮತಿ ಪಡೆಯಲೇಬೇಕು. ಪುರಂದರದಾಸರ ಪದಗಳು ಸರ್ವರ ಸೊತ್ತು. ಅವುಗಳಿಗೆ ಕೂಡಿಸಿದ ಹೊಸ ಧಾಟಿಯು ಮಾತ್ರ ಅದನ್ನು ಕೂಡಿಸಿದವನದು. ಹೋಟೆಲು, ಅಂಗಡಿಗಳ ಮಾಲಕರು ಧ್ವನಿಮುದ್ರಿತ ಹಾಡನ್ನು ಗಿರಾಕಿಗಳಿಗೆ ಕೇಳಿಸುವಾಗ ಕೃತಿಗೂ ಮುದ್ರಿಕೆಗೂ ಹಕ್ಕುಗಳು ಬೇರೆ ಬೇರೆ ಎಂಬುದನ್ನು ಮರೆಯಲಾಗದು. ಧಾರ್ಮಿಕ ವಿಧಿಗಳಿಗೂ ಮದುವೆಯ ಸಮಾರಂಭಗಳಿಗೂ ಕಾಯದೆಯೇ ವಿನಾಯಿತಿ ಕೊಟ್ಟಿದೆ. ಹೀಗಿರಲು ವ್ಯಾಪಾರಿಗಳು ಪರವಾನಗಿಯನ್ನು ದಂಡವೆಂದು ಗೊಣಗುವುದು ಯೋಗ್ಯವಲ್ಲ.

ಸಂಘವೂ ಹೊಣೆಯಿಂದ ಮುಕ್ತವಲ್ಲ. ಅರ್ಜಿ, ಕರಾರು, ಲೆಕ್ಕಪತ್ರಗಳು ಕನ್ನಡಿಗನಿಗೆ ಕನ್ನಡದಲ್ಲಿ ದೊರೆಯಬೇಕು. ಯಾವ ಹಾಡಿಗೆ ಎಷ್ಟು ಬಂತೆಂಬುದು ಹಳ್ಳಿಯ ಕವಿಗೂ ತಿಳಿಯಬೇಕು. ನಮ್ಮ ಸಾಹಿತ್ಯ ಸಂಘಗಳು ಹಾರ ತುರಾಯಿಗಳ ಖರ್ಚಿನಲ್ಲಿ ಒಂದಂಶವನ್ನು ಉಳಿಸಿ, ತರುಣರ ಕರಾರುಗಳನ್ನು ಓದಿ ತಿಳಿಸಬಲ್ಲ ಒಬ್ಬ ವಕೀಲರನ್ನು ಗೊತ್ತು ಮಾಡಲಿ. ಕವಿಯು ಸತ್ತ ಮೇಲೆ ಮೂರ್ತಿ ನಿಲ್ಲಿಸುವುದಕ್ಕಿಂತ, ಬದುಕಿರುವಾಗಲೇ ಅವನ ಪಾಲನ್ನು ಅವನಿಗೆ ಮುಟ್ಟಿಸುವುದು ನಿಜವಾದ ನುಡಿಸೇವೆ.